ಮಳೆಯಲ್ಲಿ ಕುದುರೆಮುಖ: ತುದಿಗೆ ಎರಡು ಕಿಲೋಮೀಟರ್ ಇರುವಾಗ ವಾಪಸ್ ಬಂದೆವು. ನನ್ನದು ತಪ್ಪಾ?

ಛತ್ರಿಮರೆತವ · ಭಾನುವಾರ ರಾತ್ರಿ 10:12

ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಹೋದ ಶನಿವಾರ ನಾವು ಹದಿನಾಲ್ಕು ಜನ ಕುದುರೆಮುಖ ಹತ್ತೋಕೆ ಹೋಗಿದ್ದೆವು. ಆಫೀಸಿನವರು ಎಂಟು, ಉಳಿದವರು ಅವರ ಮನೆಯವರು, ಸ್ನೇಹಿತರು. ಬುಕಿಂಗ್, ಟೆಂಪೋ ಟ್ರಾವೆಲರ್, ಹೋಂಸ್ಟೇ, ಜೀಪು ಎಲ್ಲಾ ನನ್ನದೇ ತಲೆನೋವು. ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಹೊರಟಾಗ ಎಂಟೂ ಕಾಲು. ಮಳೆ ಜಿಟಿಜಿಟಿ ಅಷ್ಟೇ. ಒಂಟಿಮರದವರೆಗೆ ಎಲ್ಲರೂ ಒಟ್ಟಿಗೇ ಇದ್ದೆವು, ಹಾಡು, ಫೋಟೋ, ಎಲ್ಲಾ ಚೆನ್ನಾಗಿತ್ತು.

ಅಲ್ಲಿಂದ ಹದಿನೈದು ನಿಮಿಷ ನಡೆದಿರಬೇಕು. ನಮ್ಮ ಸಹೋದ್ಯೋಗಿಯ ಅಕ್ಕ ಒಬ್ಬರಿದ್ದರು, ಐವತ್ತರ ಹತ್ತಿರ. ಅವರ ಬಲಗಾಲಿನ ಶೂ ಮೀನಿನ ಥರ ಬಾಯಿ ಬಿಟ್ಟಿತು. ರೇನ್‌ಕೋಟಿನ ಟೊಪ್ಪಿಯ ದಾರ ಎಳೆದು ಕಟ್ಟಿದೆವು. ಇನ್ನೂರು ಹೆಜ್ಜೆ ಬಂತು. ಮತ್ತೆ ಕಟ್ಟಿದೆವು. ಮೂರನೇ ಸಲ ಅಟ್ಟೆ ಪೂರ್ತಿ ಕೈಗೇ ಬಂತು. ಅಷ್ಟರಲ್ಲಿ ನಮ್ಮ ನಾಲ್ಕು ಹುಡುಗರು ಗೈಡ್ ಜೊತೆ ಮುಂದೆ ಹೋಗಿಬಿಟ್ಟಿದ್ದರು.

ಹನ್ನೊಂದೂ ಐವತ್ತಕ್ಕೆ ಬೋಳು ಏಣಿನ ಮೇಲೆ ನಿಂತಿದ್ದೆವು. ಗಾಳಿ ಎಂದರೆ ಮಳೆ ಅಡ್ಡಕ್ಕೆ ಹೊಡೀತಾ ಇತ್ತು. ಹತ್ತು ಅಡಿ ಮುಂದೆ ಇದ್ದವರು ಕಾಣ್ತಾ ಇರಲಿಲ್ಲ. ಒಬ್ಬ ಹುಡುಗಿಗೆ ನಡುಕ ನಿಲ್ತಾನೇ ಇಲ್ಲ. ನಾನು ‘ಸಾಕು, ಇಳಿಯೋಣ’ ಎಂದೆ. ಹತ್ತೂ ಜನ ಇಳಿದೆವು. ಹಳ್ಳ ದಾಟಿದಾಗ ಎರಡು ಗಂಟೆ, ನೀರು ಮೊಣಕಾಲಿಗಿಂತ ಸ್ವಲ್ಪ ಕೆಳಗೆ.

ಮುಂದೆ ಹೋದ ನಾಲ್ವರು ಹಳ್ಳಕ್ಕೆ ಬಂದದ್ದು ಮೂರೂ ಹತ್ತಕ್ಕೆ. ಅಷ್ಟರಲ್ಲಿ ಹಳ್ಳ ಕೆಂಪಾಗಿ ಏರಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ ಆಚೆ ದಡದಲ್ಲಿ ನಿಂತಿದ್ದರು. ನೀರು ಇಳಿದ ಮೇಲೆ ದಾಟಿ, ಐದೂ ಹತ್ತಕ್ಕೆ ಮುಳ್ಳೋಡಿ ಸೇರಿದರು. ಯಾರಿಗೂ ಏನೂ ಆಗಿಲ್ಲ, ದೇವರು ದೊಡ್ಡವನು.

ಈಗ ವಾಟ್ಸಾಪ್ ಗ್ರೂಪಲ್ಲಿ ಯುದ್ಧ. ಅರ್ಧ ಜನ ‘ಎರಡೇ ಕಿಲೋಮೀಟರ್ ಇತ್ತು, ನೀನು ಪುಕ್ಕಲ’ ಅಂತಾರೆ. ಇನ್ನರ್ಧ ಆ ನಾಲ್ವರನ್ನು ಬೈತಾರೆ. ಜೀಪಿನವರು ಕಾದದ್ದಕ್ಕೆ ಹೆಚ್ಚು ದುಡ್ಡು ತಗೊಂಡರು, ಅದನ್ನು ಯಾರು ಕೊಡಬೇಕು ಅಂತ ಬೇರೆ ಜಗಳ. ನೀವೇ ಹೇಳಿ, ತಿರುಗಿಸಿದ್ದು ತಪ್ಪಾ?

ಬೆಂಗ್ಳೂರ್_ಬೋಂಡಾ

ಖಂಡಿತ ತಪ್ಪಲ್ಲ. ಮೇಲೆ ಹೋಗಿದ್ರೂ ಏನು ಕಾಣ್ತಿತ್ತು? ಬಿಳಿ. ಅದಕ್ಕೆ ಅಷ್ಟು ದೂರ ಹೋಗ್ಬೇಕಾ, ಬಾತ್‌ರೂಮಲ್ಲಿ ಗೀಸರ್ ಹಾಕಿ ಬಾಗಿಲು ಮುಚ್ಚಿದ್ರೆ ಸಾಕು.

ಸ್ಟಡ್_ಶೂ

ನಾನು ಒಪ್ಪಲ್ಲ. ಅಕ್ಕನ ಜೊತೆ ಒಬ್ಬರು, ನಡುಗುವ ಹುಡುಗಿಯ ಜೊತೆ ಒಬ್ಬರು ಇಳಿದರೆ ಮುಗೀತು. ಉಳಿದ ಆರು ಜನ ಏನು ಪಾಪ ಮಾಡಿದ್ದರು? ಜುಲೈ ಸೀಟಿಗೆ ಬುಕಿಂಗ್ ಸೈಟ್ ಮುಂದೆ ಕೂತು ಕಾದವರಿಗೆ ಗೊತ್ತು ಅದರ ಕಷ್ಟ. ಮತ್ತೆ ಒಂದು ಪ್ರಶ್ನೆ, ಆ ಶೂ ಎಷ್ಟು ಹಳೇದು?

ಛತ್ರಿಮರೆತವ

ಐದು ವರ್ಷ ಅಂತೆ. ಆದರೆ ಎರಡೇ ಸಲ ಹಾಕಿದ್ದು. ಅಟ್ಟದ ಮೇಲೆ ಡಬ್ಬದಲ್ಲಿ ಹೊಸದರ ಥರಾನೇ ಇತ್ತಂತೆ.

ಅಡಿಕೆಚೀಲ

ಅದೇ ಸಮಸ್ಯೆ. ಹಾಕದೇ ಇಟ್ಟ ಶೂ ಜಾಸ್ತಿ ಮೋಸ ಮಾಡೋದು. ಒಳಗಿನ ಫೋಮು ಗಾಳಿಯ ತೇವ ಕುಡಿದು ಕುಡಿದು ಒಳಗೊಳಗೇ ಪುಡಿಯಾಗಿರುತ್ತೆ. ಹೊರಗಿಂದ ನೋಡಿದರೆ ಫಳಫಳ. ನೀರಿಗೆ ಬಿದ್ದು ನಾಲ್ಕು ಹೆಜ್ಜೆ ತಿರುಚಿದರೆ ಬ್ರೆಡ್ ಥರ ಬಿಡುತ್ತೆ. ಹೊರಡುವ ವಾರದ ಮೊದಲೇ ಒಂದು ದಿನ ಒದ್ದೆ ಮಾಡಿ ಮನೆ ಸುತ್ತ ನಡೆದು ನೋಡಬೇಕು.

ದಾರ ನಿಲ್ಲಲ್ಲ, ಹರಿದು ಹೋಗುತ್ತೆ. ನನ್ನ ಬ್ಯಾಗಲ್ಲಿ ಯಾವಾಗಲೂ ಹಳೇ ಸೈಕಲ್ ಟ್ಯೂಬಿನ ನಾಲ್ಕು ಬಳೆ ಕತ್ತರಿಸಿ ಇಟ್ಟಿರ್ತೀನಿ, ಎರಡೆರಡು ಬೆರಳು ಅಗಲ. ಶೂ ಮೇಲೆ ಎರಡು ಬಳೆ ತೊಡಿಸಿದರೆ ಅಟ್ಟೆ ಕಚ್ಚಿಕೊಂಡು ಕೂರುತ್ತೆ, ಕೆಸರಲ್ಲಿ ಜಾರೋದೂ ಕಡಿಮೆ. ಪಂಕ್ಚರ್ ಅಂಗಡಿಯವರು ದುಡ್ಡೂ ತಗೊಳ್ಳಲ್ಲ.

ಹುಬ್ಬಳ್ಳಿ_ಮಿರ್ಚಿ

ಅಲ್ರೀ, ಮಳಿಗಾಲದಾಗ ಅಲ್ಲಿಗೆ ಯಾಕ ಹೋಗ್ತೀರಿ ನೀವು? ಮಳಿ ಬಂದ್ರ ನಾವು ಮಿರ್ಚಿ ಕರಿತೀವಿ, ನೀವು ಗುಡ್ಡಾ ಹತ್ತತೀರಿ. ಆಮ್ಯಾಲೆ ಮಳಿ ಜೋರಿತ್ತು ಅಂತ ಅಳ್ತೀರಿ.

ಬೆಂಗ್ಳೂರ್_ಬೋಂಡಾ

ಮಿರ್ಚಿ ಅಣ್ಣನ ಮಾತಿಗೆ ಬೋಂಡಾದ ಪೂರ್ಣ ಬೆಂಬಲ 😄

ಮಲೆನಾಡ_ಮಗಳು

ನಂದೊಂದು ಪ್ರಶ್ನೆ. ನೀವು ಇಳಿಯೋಕೆ ಹೊರಟಾಗ ಮುಂದೆ ಹೋದವರಿಗೆ ಹೇಳಿ ಕಳಿಸಿದ್ರಾ? ಅದನ್ನು ಬರೆದಿಲ್ಲ ನೀವು.

ಸಂಸೆಮನೆ

ನಾನು ಅದೇ ಕಡೆಯವನು. ಮನೆಯಿಂದ ಆಕಾಶ ತೆರೆದ ದಿನ ಬೆಟ್ಟ ಕಾಣುತ್ತೆ. ಜುಲೈಯಲ್ಲಿ ಅಂಥ ದಿನ ಬೆರಳೆಣಿಕೆ. ಕೆಲವು ಮಾತು ಹೇಳಬೇಕು.

ಮೊದಲನೇದು, ಹೋದ ಶನಿವಾರ ಪುನರ್ವಸು ಮಳೆ. ಪುನರ್ವಸು, ಪುಷ್ಯ ಎಂದರೆ ನಮಗೆ ನಾಟಿ ಕೆಲಸದ ದಿನಗಳು. ನೀವು ಹೊರಡುವಾಗ ಜಿಟಿಜಿಟಿ ಇತ್ತು ಎಂದರೆ ಅದಕ್ಕೆ ಏನೂ ಅರ್ಥ ಇಲ್ಲ. ನಿಮ್ಮ ತಲೆ ಮೇಲಿನ ಮಳೆ ಬೇರೆ, ಹಳ್ಳದ ತಲೆ ಮೇಲಿನ ಮಳೆ ಬೇರೆ. ಹುಲ್ಲಿನ ಬೋಳುಗುಡ್ಡದ ಮೇಲೆ ಅರ್ಧ ಗಂಟೆ ಹೊಡೆದರೆ ಆ ನೀರೆಲ್ಲಾ ಶೋಲಾದ (ಗುಡ್ಡಗಳ ನಡುವಿನ ಕಣಿವೆ ಕಾಡು) ಸಂದಿಗೆ ಇಳಿದು ಒಂದೇ ಸಲಕ್ಕೆ ಬರುತ್ತೆ. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಬರುತ್ತೆ.

ಹಳ್ಳ ಏರೋಕೆ ಮುಂಚೆ ಹೇಳಿಯೇ ಏರುತ್ತೆ. ತಿಳಿ ನೀರು ಚಹಾ ಬಣ್ಣಕ್ಕೆ ತಿರುಗುತ್ತೆ. ತರಗೆಲೆ, ಸಣ್ಣ ಕಡ್ಡಿ ತೇಲಿ ಬರೋಕೆ ಶುರುವಾಗುತ್ತೆ. ಆಮೇಲೆ ಸದ್ದು ಬದಲಾಗುತ್ತೆ, ನೀರಿನ ಸದ್ದಿನ ಅಡಿಯಲ್ಲಿ ಗಡಗಡ ಅಂತ ಕಲ್ಲು ಉರುಳೋ ಸದ್ದು. ಅದು ಕೇಳಿದ ಮೇಲೆ ಮೊಣಕಾಲುದ್ದ ಇದ್ದರೂ ಇಳಿಯಬಾರದು. ನೀರು ಬೀಳಿಸದಿದ್ದರೂ ಅಡಿಯಲ್ಲಿ ಬರೋ ಕಲ್ಲು ಕಾಲು ತೆಗೆಯುತ್ತೆ. ಆ ಗೈಡ್ ನಾಲ್ವರನ್ನು ಆಚೆ ದಡದಲ್ಲೇ ನಿಲ್ಲಿಸಿದರಲ್ಲ, ನಿಮ್ಮ ಇಡೀ ಕಥೆಯಲ್ಲಿ ಬುದ್ಧಿವಂತರು ಅವರೊಬ್ಬರೇ. ನಮ್ಮ ಹಳ್ಳಗಳು ಏರಿದ ಹಾಗೇ ಇಳೀತವೆ. ಕಾಯೋ ತಾಳ್ಮೆ ಬೇಕು ಅಷ್ಟೇ.

ಎರಡನೇದು ಸ್ಟಡ್_ಶೂ ಅವರಿಗೆ. ಹದಿನಾಲ್ಕು ಜನರನ್ನು ನಾಲ್ಕು, ನಾಲ್ಕು, ಆರು ಅಂತ ಹಂಚಿದರೆ ಗೈಡ್ ಯಾರ ಜೊತೆ ಇರಬೇಕು? ಒಬ್ಬರೇ ಗೈಡ್, ಮೂರು ಗುಂಪು. ಮಂಜಿನಲ್ಲಿ ದನ ಹೋದ ದಾರಿಯೂ ಜನ ಹೋದ ದಾರಿಯೂ ಒಂದೇ ಥರ ಕಾಣುತ್ತೆ.

ಸ್ಟಡ್_ಶೂ

ಸರಿ, ಗೈಡ್ ವಿಷಯ ಒಪ್ಪಿದೆ. ಆದ್ರೂ ಆರು ಜನ ಪಾಪ.

ಗ್ಲಾಸ್ಗೊ_ಗೌಡ

ಇಲ್ಲಿ ವಾಕಿಂಗ್ ಕ್ಲಬ್ ಒಂದರ ಜೊತೆ ಆರು ವರ್ಷದಿಂದ ಹೋಗ್ತಾ ಇದ್ದೀನಿ. ಸ್ಕಾಟ್ಲೆಂಡಿನಲ್ಲಿ ಮಳೆ ಇಲ್ಲದ ದಿನ ಕಾದರೆ ಮನೆಯಲ್ಲೇ ಮುದುಕರಾಗಬೇಕು. ನೈಸ್ಮಿತ್ ಅಂತ ಒಬ್ಬ 1892ರಲ್ಲಿ ಹೇಳಿದ ಲೆಕ್ಕ ಈಗಲೂ ಬಳಸ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮುಳ್ಳೋಡಿಯಿಂದ ತುದಿಗೆ ಹತ್ತು ಕಿಲೋಮೀಟರ್, ಏರು ಒಂಬೈನೂರು ಮೀಟರ್ ಹತ್ತಿರ ಹಿಡಿದರೆ ಮೂರೂವರೆ ಗಂಟೆ. ಅದು ಗಟ್ಟಿಮುಟ್ಟಾದ ಒಬ್ಬ ಮನುಷ್ಯನಿಗೆ, ಒಣ ನೆಲದಲ್ಲಿ. ಮಳೆ, ಕೆಸರು, ಹದಿನಾಲ್ಕು ಜನ, ಪ್ರತಿ ತಿರುವಿಗೂ ಫೋಟೋ, ಇದಕ್ಕೆಲ್ಲಾ ಐದು ಗಂಟೆ ಇಟ್ಟುಕೊಳ್ಳಿ.

ಇಲ್ಲಿ ಹೊರಡುವ ಮುಂಚೆಯೇ ‘ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು’ ಅಂತ ಮಾತಾಗಿರುತ್ತೆ. ಆಗ ಬೆಟ್ಟದ ಮೇಲೆ ಯಾರೂ ಪುಕ್ಕಲ ಆಗಬೇಕಿಲ್ಲ, ಗಡಿಯಾರವೇ ಪುಕ್ಕಲ. ಅಂದ ಹಾಗೆ ಇಡೀ ಬ್ರಿಟನ್ನಿಗೇ ಎತ್ತರದ ಬೆನ್ ನೆವಿಸ್ 1,345 ಮೀಟರ್. ನಮ್ಮ ಕೊಡಚಾದ್ರಿ 1,343. ಇಲ್ಲಿಯವರಿಗೆ ಹೇಳಿದರೆ ಮುಖ ಸಣ್ಣದು ಮಾಡ್ತಾರೆ.

ಅಡಿಕೆಚೀಲ

ಬೆನ್ ನೆವಿಸ್‌ಗೆ ಜೀಪು ಹೋಗುತ್ತಾ? ನಮ್ಮ ಕೊಡಚಾದ್ರಿಗೆ ಹೋಗುತ್ತೆ. ಬೆನ್ನು ಮುರಿಯುತ್ತೆ, ಅದು ಬೇರೆ ಮಾತು.

ಬೆಂಗ್ಳೂರ್_ಬೋಂಡಾ

ಗೌಡ್ರೆ, ಅಲ್ಲಿ ಜಿಗಣೆ ಇದ್ಯಾ? ಇಲ್ಲ ಅಂದ್ರೆ ಅದನ್ನ ಬೆಟ್ಟ ಅಂತ ನಾನು ಒಪ್ಪಲ್ಲ.

ಗ್ಲಾಸ್ಗೊ_ಗೌಡ

ಬೆಟ್ಟದಲ್ಲಿ ಜಿಗಣೆ ಇಲ್ಲ. ಮಿಡ್ಜ್ ಅಂತ ನೊಣಕ್ಕಿಂತ ಸಣ್ಣ ಹುಳ ಇದೆ, ಬೇಸಿಗೆಯಲ್ಲಿ ಮೋಡದ ಥರ ಮುತ್ತುತ್ತೆ. ಜಿಗಣೆಯೇ ಮೇಲು, ಕಚ್ಚುವಾಗ ಸದ್ದಾದರೂ ಮಾಡಲ್ಲ.

ಮಲೆನಾಡ_ಮಗಳು

ಜಿಗಣೆ ಅಲ್ಲ ಸ್ವಾಮಿ, ಇಂಬಳ. ಜಿಗಣೆ ಕೆರೆಯದ್ದು, ಇಂಬಳ ಕಾಡಿನದ್ದು. ನಮ್ಮಜ್ಜಿ ಎರಡನ್ನೂ ಒಂದೇ ಎಂದವರನ್ನು ಅಡುಗೆಮನೆಗೇ ಸೇರಿಸ್ತಿರಲಿಲ್ಲ.

ಅಡಿಕೆಚೀಲ

ನಮ್ಮ ಕಡೆ ಉಂಬಳ ಅಂತೀವಿ. ಹೊಗೆಸೊಪ್ಪು, ಸುಣ್ಣ ಕಲಸಿ ಬಟ್ಟೆಯಲ್ಲಿ ಕಟ್ಟಿ ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಆಯ್ತು. ಹತ್ತಿದ ಕಡೆ ಒಂದ್ಸಲ ಮುಟ್ಟಿಸಿ, ಉದುರಿ ಬೀಳುತ್ತೆ. ತೋಟಕ್ಕೆ ಹೋಗೋರೆಲ್ಲಾ ಇದನ್ನೇ ಮಾಡೋದು.

ಡಾಕ್ಟರಮ್ಮ

ಉದುರಿ ಬೀಳುತ್ತೆ ನಿಜ. ಆದರೆ ಉಪ್ಪು, ಸುಣ್ಣ ಹಾಕಿದಾಗ ಅದು ಕುಡಿದದ್ದನ್ನು ಗಾಯದೊಳಕ್ಕೇ ಕಕ್ಕುವ ಸಾಧ್ಯತೆ ಇದೆ. ಆಗ ಗಾಯ ಕೀವಾಗಬಹುದು. ಬಾಯಿ ಇರುವ ಸಣ್ಣ ತುದಿಯ ಪಕ್ಕದಲ್ಲಿ ಉಗುರು ಇಟ್ಟು ಚರ್ಮದ ಮೇಲೆ ಅಡ್ಡಕ್ಕೆ ಸರಿಸಿ, ಬಿಡುತ್ತೆ. ಎಳೆಯಬೇಡಿ. ಏನೂ ಮಾಡದಿದ್ದರೂ ಹೊಟ್ಟೆ ತುಂಬಿದ ಮೇಲೆ ತಾನೇ ಬೀಳುತ್ತೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತೆ. ಅದಕ್ಕೇ ಬಿದ್ದ ಮೇಲೂ ಸುಮಾರು ಹೊತ್ತು ಸೋರುತ್ತೆ, ಹೆದರಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮಾತ್ರ ಮೊದಲೇ ತಮ್ಮ ಡಾಕ್ಟರನ್ನು ಕೇಳಿ ಹೋಗಿ.

ನಿಜವಾಗಿ ಹೆದರಬೇಕಾದದ್ದು ಆ ಹುಡುಗಿಯ ನಡುಕಕ್ಕೆ, ಅದರ ಬಗ್ಗೆ ಇಲ್ಲಿ ಯಾರೂ ಮಾತಾಡ್ತಾ ಇಲ್ಲ. ಹಿಮ ಬೀಳುವ ಕಡೆ ಮಾತ್ರ ಮೈ ತಣ್ಣಗಾಗೋದು ಅಂತ ಜನ ಅಂದುಕೊಂಡಿದ್ದಾರೆ. ಒದ್ದೆ ಬಟ್ಟೆ, ಜೋರು ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ನಮ್ಮ ಘಟ್ಟದಲ್ಲೂ ಆಗುತ್ತೆ. ನಡುಕ ಬಂದಷ್ಟು ಹೊತ್ತು ಮೈ ಹೋರಾಡ್ತಾ ಇದೆ ಎಂದರ್ಥ. ಮಾತು ತೊದಲಿ, ಕಾಲು ಎಡವಿ, ಆಮೇಲೆ ನಡುಕವೇ ನಿಂತುಹೋದರೆ ಆಗ ದೊಡ್ಡ ಅಪಾಯ. ಅವಳು ಏನು ಹಾಕಿಕೊಂಡಿದ್ದಳು?

ಛತ್ರಿಮರೆತವ

ಜೀನ್ಸ್, ಕಾಟನ್ ಟೀ ಶರ್ಟ್, ಮೇಲೆ ತೆಳು ಪ್ಲಾಸ್ಟಿಕ್ ರೇನ್‌ಕೋಟು. ರೇನ್‌ಕೋಟು ಒಂಟಿಮರದ ಹತ್ತಿರವೇ ಬೆನ್ನಿನ ಕಡೆ ಹರಿದಿತ್ತು. ಇಳಿಯುವಾಗ ನನ್ನ ಒಣ ಬನಿಯನ್, ಇನ್ನೊಬ್ಬರ ಜರ್ಕಿನ್ ಕೊಟ್ಟೆವು. ಬೆಲ್ಲ, ಕಡಲೆಬೀಜ ತಿನ್ನಿಸಿದೆವು. ಅರ್ಧ ಗಂಟೆಗೆ ಸರಿಯಾದಳು.

ಡಾಕ್ಟರಮ್ಮ

ಹಾಗಾದರೆ ತಿರುಗಿದ್ದು ಸರಿ. ನನಗೆ ಅನುಮಾನವೇ ಇಲ್ಲ.

ಬೆಂಗ್ಳೂರ್_ಬೋಂಡಾ

ಒಂದು ಗುಟುಕು ರಮ್ ಹಾಕಿದ್ರೆ ಐದೇ ನಿಮಿಷ, ಡಾಕ್ಟ್ರೇ.

ಡಾಕ್ಟರಮ್ಮ

ಅದು ಉಲ್ಟಾ. ಕುಡಿದರೆ ಚರ್ಮದ ರಕ್ತನಾಳ ಹಿಗ್ಗುತ್ತೆ, ಬೆಚ್ಚಗೆ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತೆ. ರಮ್ ಹೋಂಸ್ಟೇಯಲ್ಲೂ ಬೇಡ, ನಿಮ್ಮ ಬೋಂಡಾ ಸಾಕು.

ಮಲೆನಾಡ_ಮಗಳು

ಜೀನ್ಸ್ ಬಗ್ಗೆ ಹೇಳಿದ್ದಕ್ಕೆ ನೆನಪಾಯ್ತು. ನಮ್ಮಜ್ಜ ಗದ್ದೆಗೆ ಹೋಗುವಾಗ ಕಂಬಳಿಕೊಪ್ಪೆ ಹಾಕ್ತಿದ್ದರು. ಕಂಬಳಿಯ ಒಂದು ಮೂಲೆ ಒಳಕ್ಕೆ ಮಡಚಿ ತಲೆಗೆ ಏರಿಸಿದರೆ ಬೆನ್ನಿನುದ್ದಕ್ಕೂ ಇಳಿಬೀಳುತ್ತೆ. ಮಳೆಯಲ್ಲಿ ಇಡೀ ದಿನ ನೆಂದು ಕೊಪ್ಪೆ ಹತ್ತು ಕೆ.ಜಿ. ಭಾರ ಆದ ಹಾಗೆ ಇರ್ತಿತ್ತು, ಆದರೆ ಒಳಗೆ ಬೆನ್ನು ಬೆಚ್ಚಗೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತೆ, ಹತ್ತಿ ಒದ್ದೆಯಾದರೆ ಇರೋ ಶಾಖಾನೂ ಹೀರುತ್ತೆ. ನಾಟಿಗೆ ಬಗ್ಗುವ ಹೆಂಗಸರಿಗೆ ಗೊರಬು, ಅಂದರೆ ತಲೆಯಿಂದ ಬೆನ್ನಿಗೆ ಹೊದೆಯುವ ಎಲೆಯ ಮಳೆಮರೆ. ಎರಡೂ ಕೈ ಬಿಡುವಾಗಿರುತ್ತೆ, ಬೆನ್ನು ಒದ್ದೆಯಾಗಲ್ಲ. ಕಂಬಳಿಯ ಆ ಒದ್ದೆ ವಾಸನೆ, ಒಲೆ ಮುಂದೆ ಹರವಿದಾಗ ಏಳುವ ಹಬೆ... ಬಿಡಿ, ಊರು ನೆನಪಾಗುತ್ತೆ.

ಇರಲಿ. ಛತ್ರಿಮರೆತವರೇ, ನಾನು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮುಂದಿನವರಿಗೆ ಹೇಳಿ ಕಳಿಸಿದ್ರಾ?

ಟೌನ್‌ಶಿಪ್_ಹುಡುಗ

ಕುದುರೆಮುಖ ಅಂದ ಕೂಡಲೇ ಒಳಗೆ ಬಂದೆ, ವಿಷಯ ಬೇರೆ ಇದೆ, ಕ್ಷಮಿಸಿ. ನಮ್ಮಪ್ಪ ಗಣಿ ಕಂಪನಿಯಲ್ಲಿದ್ದರು. 2005ರ ಕೊನೆಯಲ್ಲಿ ಗಣಿ ನಿಂತಿತು, ಟೌನ್‌ಶಿಪ್ ಖಾಲಿಯಾಯ್ತು. ಅಲ್ಲಿ ಶಾಲೆಗೆ ಹೋಗುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಸಾಕ್ಸ್ ಹಾಕಿದ ನೆನಪೇ ಇಲ್ಲ. ಅಮ್ಮ ಯೂನಿಫಾರ್ಮನ್ನು ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸ್ತಿದ್ದರು. ಹೊರಗಿನವರು ‘ಮಳೆ ನೋಡೋಕೆ ಬಂದಿದ್ದೀವಿ’ ಅಂದಾಗ ನಮಗೆ ನಗು ಬರ್ತಿತ್ತು, ನಾವು ಬಿಸಿಲು ನೋಡೋಕೆ ಮಂಗಳೂರಿಗೆ ಹೋಗ್ತಿದ್ದೆವು.

ಹುಬ್ಬಳ್ಳಿ_ಮಿರ್ಚಿ

ಬಿಸಲ ನೋಡಾಕ ಮಂಗಳೂರಾ? ಕಲಬುರ್ಗಿಗೆ ಬರ್ರಿ, ಜೀವಮಾನಕ್ಕ ಸಾಕಾಗೂವಷ್ಟು ಕೊಡ್ತೀವಿ.

ಮುಂದೆ_ಹೋದವ · ಸೋಮವಾರ ಮಧ್ಯಾಹ್ನ 1:35 · ಇವತ್ತು ಸೇರಿದ ಸದಸ್ಯ

ಮಲೆನಾಡ_ಮಗಳು ಅವರ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಆ ನಾಲ್ವರಲ್ಲಿ ನಾನೊಬ್ಬ. ಲಿಂಕ್ ನಮ್ಮ ಗ್ರೂಪಿಗೇ ಬಂತು.

ಯಾರೂ ಹೇಳಿ ಕಳಿಸಲಿಲ್ಲ.

ನಾವು ತುದಿ ಮುಟ್ಟಿದ್ದು ಹನ್ನೊಂದೂ ನಲವತ್ತಕ್ಕೆ. ಅಲ್ಲಿ ನಿಲ್ಲೋಕೂ ಆಗಲ್ಲ, ಗಾಳಿ ತಳ್ಳುತ್ತೆ. ಗೈಡ್ ಅಣ್ಣ ‘ಹತ್ತು ನಿಮಿಷ ನೋಡಿ ಇಳಿಯುವ’ ಅಂದರು. ನಾವೇ ‘ಇಲ್ಲ, ಅವರು ಬರ್ತಾ ಇದ್ದಾರೆ, ಗ್ರೂಪ್ ಫೋಟೋ ತೆಗೀಬೇಕು’ ಅಂತ ಕೂತೆವು. ಹನ್ನೆರಡೂವರೆವರೆಗೆ ಒಂದು ಬಂಡೆಗೆ ಒರಗಿ, ನಾಲ್ಕು ಜನ ಒಂದೇ ಪೊಂಚೊ ತಲೆ ಮೇಲೆ ಹಿಡಿದು ಕೂತಿದ್ದೆವು. ನಮ್ಮಲ್ಲೂ ಒಬ್ಬನಿಗೆ ಬೆರಳು ಮಡಚೋಕೆ ಆಗ್ತಿರಲಿಲ್ಲ, ಬಿಸ್ಕತ್ ಪ್ಯಾಕೆಟ್ ಹಲ್ಲಲ್ಲಿ ಹರಿದ.

ಇಳಿದು ಬಂದರೆ ಎಲ್ಲೂ ಯಾರೂ ಇಲ್ಲ. ಹತ್ತು ಜನ ಮಾಯ. ಗೈಡ್ ಅಣ್ಣನ ಮುಖ ನೋಡಬೇಕಿತ್ತು ನೀವು. ದನದ ದಾರಿ ಹಿಡಿದು ಶೋಲಾದೊಳಗೆ ಹೋದರಾ ಅಂತ ಅವರು ನಮ್ಮನ್ನು ಒಂದು ಕಡೆ ನಿಲ್ಲಿಸಿ ಕೂ ಹಾಕ್ತಾ ಕೆಳಗೆ ಇಳಿದು ಹುಡುಕಿದರು. ಅರ್ಧ ಗಂಟೆ. ವಾಪಸ್ ಬಂದಾಗ ಅವರ ಕಾಲ ತುಂಬಾ ಇಂಬಳ, ತೆಗೆಯೋಕೂ ನಿಲ್ಲಲಿಲ್ಲ. ಆಮೇಲೆ ಕೆಸರಿನಲ್ಲಿ ಒಂದು ಶೂ ಅಟ್ಟೆ ಬಿದ್ದಿತ್ತು, ಬೆರಳಿನ ಕಡೆ ಕೆಳಮುಖ. ಅದನ್ನು ನೋಡಿ ‘ಇಳಿದಿದ್ದಾರೆ’ ಅಂದರು.

ಆಮೇಲೆ ಹಳ್ಳ. ಅದನ್ನು ಅವನೇ ಬರೆದಿದ್ದಾನೆ. ಮುಂದೆ ಓಡಿದ್ದು ನಮ್ಮ ತಪ್ಪು, ಒಪ್ತೀನಿ. ಆದರೆ ಪೋಸ್ಟಿನಲ್ಲಿ ‘ಇಳಿಯೋಣ ಎಂದೆ, ಇಳಿದೆವು’ ಅಂತ ಎರಡು ಪದದಲ್ಲಿ ಮುಗಿಸಿದ್ದೀಯಲ್ಲ, ಆ ಎರಡು ಪದದ ನಡುವೆ ನಾವಿದ್ದೆವು.

ಬೆಂಗ್ಳೂರ್_ಬೋಂಡಾ

ಅಯ್ಯೋ.

ಅಡಿಕೆಚೀಲ

ಚುರುಮುರಿ ಯಾರಿಗೆಲ್ಲಾ ಬೇಕು? ಕೂತ್ಕೊಳ್ಳಿ.

ಗ್ಲಾಸ್ಗೊ_ಗೌಡ

ಲೆಕ್ಕ ನೋಡಿ. ಮೇಲೆ ಕಾದದ್ದು ಐವತ್ತು ನಿಮಿಷ, ಹುಡುಕಿದ್ದು ಮೂವತ್ತು. ಒಟ್ಟು ಎಂಬತ್ತು. ಹಳ್ಳದ ಆಚೆ ನಿಂತದ್ದೂ ಎಂಬತ್ತೇ ನಿಮಿಷ. ಆ ಎಂಬತ್ತು ಉಳಿದಿದ್ದರೆ ಎರಡು ಗಂಟೆ ಒಳಗೆ ಹಳ್ಳಕ್ಕೆ ಬರ್ತಿದ್ದರು, ಅಂದರೆ ಇವರ ಜೊತೆಗೇ ದಾಟುತ್ತಿದ್ದರು.

ಸ್ಟಡ್_ಶೂ

ನಾನು ಮೊದಲೇ ಹೇಳಲಿಲ್ವಾ, ಇಬ್ಬರನ್ನಾದರೂ ಮೇಲೆ ಕಳಿಸಬೇಕಿತ್ತು ಅಂತ.

ಅಡಿಕೆಚೀಲ

ನೀವು ಹೇಳಿದ್ದು ಆರು ಜನ ತುದಿ ನೋಡಲಿ ಅಂತ. ಸುಮ್ನೆ ಈಗ ಪಕ್ಷ ಬದಲಾಯಿಸಬೇಡಿ.

ಸಂಸೆಮನೆ

ಇಬ್ಬರನ್ನು ಮೇಲಕ್ಕೆ ಕಳಿಸೋದೂ ತಪ್ಪೇ. ಆ ಮಂಜಿನಲ್ಲಿ ಗೈಡ್ ಇಲ್ಲದೆ ಇಬ್ಬರು ಮೇಲೆ ಹೋದರೆ ಮೂರನೇ ಗುಂಪು ಆಗುತ್ತೆ. ಸರಿಯಾದ ಜಾಗ ಒಂಟಿಮರ. ಅಲ್ಲೇ ಗೈಡಿಗೆ ಹೇಳಬೇಕಿತ್ತು, ‘ಅಣ್ಣ, ಕೊನೆಯವರು ಕಾಣುವಷ್ಟೇ ದೂರ ಹೋಗಿ’ ಅಂತ. ನಮ್ಮವರು ಹಠ ಮಾಡಲ್ಲ. ಪೇಟೆಯ ಹುಡುಗರು ‘ಬನ್ನಿ ಬನ್ನಿ’ ಎಂದರೆ ಗಿರಾಕಿ ಮಾತು ಅಂತ ಹೋಗ್ತಾರೆ. ಹಿಂದಿನವರು ಬಾಯಿ ಬಿಡಬೇಕು.

ಆ ಮನುಷ್ಯ ಹತ್ತು ಜನರಿಗಾಗಿ ಶೋಲಾದೊಳಗೆ ಇಳಿದನಲ್ಲ, ಅದು ಗೊತ್ತಿರಲಿಲ್ಲ ನನಗೆ. ಆಗ ನೀವೆಲ್ಲಾ ಚಹಾ ಕುಡೀತಾ ಇದ್ರಾ?

ಛತ್ರಿಮರೆತವ · ಸೋಮವಾರ ಸಂಜೆ 6:50

ಚಹಾ ಅಲ್ಲ, ಇಳೀತಾ ಇದ್ದೆವು. ಆದರೆ ಉಳಿದದ್ದೆಲ್ಲಾ ನಿಜ.

ಮಲೆನಾಡ_ಮಗಳು ಮೊದಲ ದಿನವೇ ಕೇಳಿದ್ದರು, ನಾನು ಬೇಕಂತಲೇ ಉತ್ತರ ಕೊಡಲಿಲ್ಲ. ಆ ಹೊತ್ತಿನಲ್ಲಿ ತಲೆಯಲ್ಲಿ ಇದ್ದದ್ದು ಎರಡೇ: ಬರಿಗಾಲಿನ ಹಾಗೆ ನಡೆಯುವ ಅಕ್ಕ, ನಡುಗುವ ಹುಡುಗಿ. ‘ಮುಂದಿನವರ ಜೊತೆ ಗೈಡ್ ಇದ್ದಾರೆ, ಅವರು ಕ್ಷೇಮ’ ಅಂತ ನನಗೆ ನಾನೇ ಹೇಳಿಕೊಂಡೆ. ಫೋನ್ ತೆಗೆದೆ, ಸಿಗ್ನಲ್ ಇಲ್ಲ, ವಾಪಸ್ ಇಟ್ಟೆ. ಒಂದು ಗುರುತು ಕೂಡ ಬಿಡಬೇಕು ಅಂತ ಹೊಳೆಯಲಿಲ್ಲ. ಆ ಅಟ್ಟೆ ಕೂಡ ಗುರುತಿಗೆ ಇಟ್ಟದ್ದಲ್ಲ, ಸಿಟ್ಟಿಗೆ ಎಸೆದದ್ದು.

ಮುಂದೆ_ಹೋದವನೇ, ಫೋನ್ ಮಾಡ್ತೀನಿ ರಾತ್ರಿ.

ಮಲೆನಾಡ_ಮಗಳು

ಸಿಟ್ಟಿಗೆ ಎಸೆದ ಅಟ್ಟೆ ದಾರಿ ತೋರಿಸ್ತು ಅಂದ್ರೆ... ಆದರೂ ಕಾಡಲ್ಲಿ ಕಸ ಎಸೀಬಾರದು, ಅದು ಇನ್ನೊಂದು ತಪ್ಪು 😐

ಮುಂದೆ_ಹೋದವ

ಗೈಡ್ ಅಣ್ಣ ಅದನ್ನು ಎತ್ತಿಕೊಂಡು ಬಂದಿದ್ದಾರೆ. ಚೆಕ್‌ಪೋಸ್ಟಿನ ಚೀಲಕ್ಕೆ ಹಾಕಿದರು.

ಗ್ಲಾಸ್ಗೊ_ಗೌಡ

ಮುಂದಿನ ಸಲಕ್ಕೆ: ಎಲ್ಲರಿಗಿಂತ ಹಿಂದೆ ಒಬ್ಬ ಗಟ್ಟಿ ಮನುಷ್ಯ ಇರಬೇಕು, ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಮತ್ತೆ ಎರಡು ಸೀಟಿ, ಒಂದು ಮುಂದೆ, ಒಂದು ಹಿಂದೆ. ಇಲ್ಲಿ ಅಪಾಯ ಎಂದರೆ ನಿಮಿಷಕ್ಕೆ ಆರು ಸಲ ಊದೋದು, ಒಂದು ನಿಮಿಷ ಬಿಡೋದು, ಮತ್ತೆ ಆರು. ಕೇಳಿದವರು ಮೂರು ಊದಬೇಕು.

ಬೆಂಗ್ಳೂರ್_ಬೋಂಡಾ

ನಮ್ಮ ಟ್ರೆಕ್ ಗ್ರೂಪಲ್ಲಿ ಹಿಂದಿರೋನಿಗೆ ಸ್ವೀಪ್ ಅಂತಾರೆ. ಯಾರಿಗೂ ಬೇಡ ಆ ಕೆಲಸ. ಫೋಟೋದಲ್ಲೂ ಬರಲ್ಲ, ಊಟಾನೂ ಕೊನೆಗೆ.

ಸಂಸೆಮನೆ

ಸೀಟಿ ಒಳ್ಳೇದು. ಜೋರು ಗಾಳಿಯಲ್ಲಿ ಕೂ ಹಾಕಿದರೆ ಮುಂದಿನ ತಿರುವಿಗೂ ಕೇಳಲ್ಲ. ಆದರೆ ಫೋಟೋಗೆಲ್ಲಾ ಊದಬೇಡಿ, ಅದು ಅಭಯಾರಣ್ಯ, ನಿಮ್ಮ ಸ್ಪೋರ್ಟ್ಸ್ ಡೇ ಅಲ್ಲ.

ಟೌನ್‌ಶಿಪ್_ಹುಡುಗ

ಅಭಯಾರಣ್ಯ ಅಲ್ಲ, ರಾಷ್ಟ್ರೀಯ ಉದ್ಯಾನ. ಎರಡಕ್ಕೂ ವ್ಯತ್ಯಾಸ ಇದೆ.

ಸಂಸೆಮನೆ

ಸರಿ ಮಾರಾಯ, ಹುಲಿಗೆ ಹೇಳಿ ಬರ್ತೇನೆ.

ಸ್ಟಡ್_ಶೂ

ಎಲ್ಲಾ ಆಯ್ತು, ಜೀಪಿನ ದುಡ್ಡು ಯಾರು ಕೊಡೋದು? ನನ್ನ ಪ್ರಕಾರ ಹದಿನಾಲ್ಕು ಭಾಗ.

ಅಡಿಕೆಚೀಲ

ಫೋಟೋಗೆ ಕಾದ ನಾಲ್ವರು ಅರ್ಧ, ಹೇಳದೇ ಬಂದ ಛತ್ರಿ ಒಬ್ಬನೇ ಅರ್ಧ. ಗೈಡಿಗೆ ಪ್ರತ್ಯೇಕ, ಎಲ್ಲರೂ ಸೇರಿ. ಕಾಲಿನ ತುಂಬಾ ಇಂಬಳ ಹತ್ತಿಸಿಕೊಂಡವರಿಗೆ ಬರೀ ಗೈಡ್ ಫೀ ಸಾಲಲ್ಲ.

ನಿರ್ವಾಹಕ

ಇಂಬಳ, ಉಂಬಳ, ಜಿಗಣೆಯ ಚರ್ಚೆಗೆ ಬೇರೆ ಎಳೆ ಶುರು ಮಾಡಿದ್ದೇವೆ. ರಮ್ ಬಗೆಗಿನ ಹನ್ನೊಂದು ಉತ್ತರಗಳನ್ನು ತೆಗೆದಿದ್ದೇವೆ. ಇಲ್ಲಿ ವಿಷಯಕ್ಕೆ ಬನ್ನಿ.

ಬೆಂಗ್ಳೂರ್_ಬೋಂಡಾ

ಹನ್ನೊಂದರಲ್ಲಿ ಒಂಬತ್ತು ನನ್ನವು. ಅನ್ಯಾಯ.

ಛತ್ರಿಮರೆತವ · ಮಂಗಳವಾರ ಬೆಳಗ್ಗೆ 8:05

ರಾತ್ರಿ ಮಾತಾಡಿದೆವು, ಒಂದೂವರೆ ಗಂಟೆ. ಮೊದಲ ಅರ್ಧ ಗಂಟೆ ಬರೀ ಬೈಗುಳ. ಜೀಪಿನ ದುಡ್ಡು ನಾನು ಮತ್ತು ಅವರು ನಾಲ್ವರು ಹಂಚಿಕೊಳ್ತೀವಿ. ಗೈಡ್ ಅಣ್ಣನಿಗೆ ಹದಿನಾಲ್ಕೂ ಜನ ಸೇರಿ ಒಂದು ಒಳ್ಳೆ ರೇನ್‌ಕೋಟು, ಗಮ್ ಬೂಟು ಕಳಿಸ್ತೀವಿ. ಅಳತೆ ಕೇಳೋಕೆ ಫೋನ್ ಮಾಡಿದರೆ, ‘ಬೂಟು ಬೇಡ, ನೀರು ತುಂಬುತ್ತದೆ. ಪ್ಲಾಸ್ಟಿಕ್ ಚಪ್ಪಲಿ ಸಾಕು, ಎಂಟು ನಂಬರು’ ಅಂದರು.

ಇನ್ನೊಂದು ವಿಷಯ. ಅಕ್ಕ ಈ ಎಳೆ ಪೂರ್ತಿ ಓದಿದ್ದಾರೆ. ನವೆಂಬರಿನಲ್ಲಿ ಮತ್ತೆ ಹೋಗಬೇಕಂತೆ, ಅವರೇ ಎಲ್ಲರಿಗಿಂತ ಹಿಂದೆ ನಡೀತಾರಂತೆ, ಸೀಟಿ ಅವರಿಗೇ ಬೇಕಂತೆ.

ಅಡಿಕೆಚೀಲ

ಹೊಸ ಶೂ ತಗೊಂಡ್ರಾ ಅಕ್ಕ?

ಛತ್ರಿಮರೆತವ

ಎಡಗಾಲಿನದ್ದು ಚೆನ್ನಾಗಿಯೇ ಇದೆ ಅಂತಾರೆ. ಬಲಗಾಲಿನದ್ದಕ್ಕೆ ಬೇರೆ ಅಟ್ಟೆ ಕೂರಿಸಿ ಫೆವಿಕ್ವಿಕ್ ಹಾಕಿದ್ದಾರಂತೆ.

ಅಡಿಕೆಚೀಲ

ಟ್ಯೂಬಿನ ಬಳೆ ನಾಲ್ಕಲ್ಲ, ಎಂಟು ಕಳಿಸ್ತೀನಿ. ವಿಳಾಸ ಮೆಸೇಜ್ ಮಾಡಿ.